ಹೊಟ್ಟೆ ಕೆಟ್ಟಾಗ: ಮೊದಲ ಗುಟುಕಿನಿಂದ ಮೊದಲ ಊಟದವರೆಗೆ

ಮಳೆಗಾಲ ಶುರುವಾದಾಗ ಮತ್ತು ಮದುವೆ, ಜಾತ್ರೆಗಳ ದಿನಗಳಲ್ಲಿ ಓದುಗರಿಂದ ತಪ್ಪದೇ ಬರುವ ಪ್ರಶ್ನೆಯೊಂದಿದೆ: "ವಾಂತಿ-ಭೇದಿ ಆಗುತ್ತಿದೆ, ನಿಲ್ಲಲು ಯಾವ ಮಾತ್ರೆ ತೆಗೆದುಕೊಳ್ಳಬೇಕು?" ಈ ಪ್ರಶ್ನೆಗೆ ಪ್ರತಿ ಬಾರಿಯೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಾಗ ಪಕ್ಕದಲ್ಲಿಟ್ಟುಕೊಂಡು ಓದಬಹುದಾದ ಹಾಗೆ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲಿಗೆ ಆ ಪ್ರಶ್ನೆಯನ್ನೇ ಸ್ವಲ್ಪ ತಿದ್ದಿಕೊಳ್ಳಬೇಕು. ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಬಾರಿ ಮಲ ನೀರಾಗಿ ಹೋದರೆ ಅದನ್ನು ಭೇದಿ ಎನ್ನುತ್ತೇವೆ. ಹೆಚ್ಚಿನ ಭೇದಿಗಳು ವೈರಾಣುವಿನಿಂದಲೋ ಕೆಟ್ಟ ಆಹಾರದಿಂದಲೋ ಬಂದವು; ಕೆಲವು ದಿನಗಳಲ್ಲಿ ತಾವಾಗಿಯೇ ಹೋಗುವಂಥವು. ಆ ದಿನಗಳಲ್ಲಿ ಪ್ರಾಣಕ್ಕೆ ಕುತ್ತು ತರುವುದು ಭೇದಿಗಿಂತ ಹೆಚ್ಚಾಗಿ ಅದರ ಜೊತೆ ಹೊರಗೆ ಹೋಗುವ ನೀರು ಮತ್ತು ಉಪ್ಪು. ಆದ್ದರಿಂದ ಭೇದಿಯನ್ನು ಕಟ್ಟುವುದು ನಿಮ್ಮ ಮೊದಲ ಕೆಲಸವಲ್ಲ. ಹೋದದ್ದನ್ನು ಹೋದಷ್ಟೇ ವೇಗದಲ್ಲಿ ತುಂಬಿಕೊಡುವುದು ಮೊದಲ ಕೆಲಸ.

ಇದಕ್ಕೆ ಬೇಕಾದ ವಸ್ತುಗಳು ಹೆಚ್ಚಿಲ್ಲ: ಓಆರ್‌ಎಸ್ ಪೊಟ್ಟಣಗಳು, ನಿಖರವಾಗಿ ಒಂದು ಲೀಟರ್ ಅಳೆಯಬಲ್ಲ ಪಾತ್ರೆ ಅಥವಾ ಬಾಟಲಿ, ಕುದಿಸಿ ಆರಿಸಿದ ನೀರು, ಒಂದು ಚಹಾ ಚಮಚ, ಜ್ವರ ನೋಡುವ ಥರ್ಮಾಮೀಟರ್ ಮತ್ತು ಸಾಬೂನು. ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ ಜಿಂಕ್ ಮಾತ್ರೆಯೂ ಬೇಕು.

ಹಂತ 1: ಇದು ಮನೆಯಲ್ಲಿ ನೋಡಿಕೊಳ್ಳುವಂಥದ್ದೇ ಎಂದು ತೀರ್ಮಾನಿಸಿ

ಈ ಹಂತವನ್ನು ಹಾರಿಸಬೇಡಿ. ಕೆಳಗಿನವುಗಳಲ್ಲಿ ಒಂದು ಕಂಡರೂ ಮುಂದಿನ ಹಂತಗಳನ್ನು ಓದುತ್ತ ಕೂರದೆ ವೈದ್ಯರ ಬಳಿಗೆ ಹೊರಡಿ, ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಿರಿ.

- ಮಲದಲ್ಲಿ ರಕ್ತ ಅಥವಾ ರಕ್ತ ಬೆರೆತ ಸಿಂಬಳದಂತಹ ಲೋಳೆ (ಇದನ್ನು ಆಮಶಂಕೆ ಎನ್ನುತ್ತೇವೆ), ಅಥವಾ ಡಾಂಬರಿನಂತೆ ಕಪ್ಪಾದ ಮಲ.
- ಅಕ್ಕಿ ತೊಳೆದ ನೀರಿನಂತೆ ಬಿಳಿಚಿಕೊಂಡು ಧಾರಾಕಾರವಾಗಿ ಹೋಗುವ ಭೇದಿ. ಇದು ಕಾಲರಾ ಆಗಿರಬಹುದು; ಕೆಲವೇ ಗಂಟೆಗಳಲ್ಲಿ ಮನುಷ್ಯ ಕುಸಿಯುತ್ತಾನೆ.
- ಆರರಿಂದ ಎಂಟು ಗಂಟೆ ಮೂತ್ರವೇ ಆಗದಿರುವುದು.
- ಕುಡಿಸಿದ್ದೆಲ್ಲವೂ ವಾಂತಿಯಾಗುವುದು, ವಾಂತಿ ಹಸಿರಾಗಿರುವುದು.
- 102 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ.
- ಮಂಕು ಕವಿದಂತಿರುವುದು, ಮಾತು ತಡವರಿಸುವುದು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು.
- ಹೊಟ್ಟೆಯ ಬಲಗಡೆ ಕೆಳಭಾಗದಲ್ಲಿ ನೆಲೆನಿಂತು ಹೆಚ್ಚುತ್ತಲೇ ಹೋಗುವ ನೋವು. ಇದು ಅಪೆಂಡಿಸೈಟಿಸ್ ಇರಬಹುದು.

ಮಗುವಾದರೆ ಕಣ್ಣು ಗುಳಿಬಿದ್ದಿದೆಯೇ, ಅತ್ತಾಗ ಕಣ್ಣೀರು ಬರುತ್ತಿದೆಯೇ, ಬಾಯಿ ಒಣಗಿದೆಯೇ ನೋಡಿ. ಹೊಟ್ಟೆಯ ಮೇಲಿನ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿ ಬಿಟ್ಟರೆ ಅದು ತಕ್ಷಣ ಮೊದಲಿನಂತಾಗಬೇಕು. ಮಡಿಕೆ ನಿಧಾನವಾಗಿ ಇಳಿಯುತ್ತಿದ್ದರೆ ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಇದನ್ನೇ ವೈದ್ಯರು ನಿರ್ಜಲೀಕರಣ ಎನ್ನುವುದು. ವಯಸ್ಸಾದವರಲ್ಲಿ ಚರ್ಮ ಹೇಗೂ ಸಡಿಲವಾಗಿರುವುದರಿಂದ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಅವರ ಮೂತ್ರದ ಪ್ರಮಾಣ ಮತ್ತು ಬಣ್ಣವನ್ನೇ ಗಮನಿಸಿ.

ಆರು ತಿಂಗಳೊಳಗಿನ ಶಿಶು, ಗರ್ಭಿಣಿ, ತುಂಬ ವಯಸ್ಸಾದವರು, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ಚಿಕಿತ್ಸೆಯಲ್ಲಿರುವವರು ಮೊದಲ ದಿನವೇ ವೈದ್ಯರನ್ನು ಕೇಳಬೇಕು. ದಿನಕ್ಕೆ ಇಷ್ಟೇ ನೀರು ಕುಡಿಯಬೇಕೆಂಬ ಕಟ್ಟುಪಾಡು ಇರುವವರಿಗೆ "ಹೆಚ್ಚು ಕುಡಿಯಿರಿ" ಎಂಬ ಸಲಹೆಯೇ ಅಪಾಯ ತರಬಹುದು. ಸ್ಥಿತಿ ಗಂಭೀರವೆನಿಸಿದರೆ 108ಕ್ಕೆ ಕರೆ ಮಾಡಿ.

ಹಂತ 2: ಓಆರ್‌ಎಸ್ ಅನ್ನು ಅಳತೆ ಮಾಡಿ ಕಲಸಿ

ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಓಆರ್‌ಎಸ್ ಎಂದರೆ ಬಾಯಿಯ ಮೂಲಕ ಕೊಡುವ ಮರುಪೂರಣ ಲವಣ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಸಿಟ್ರೇಟ್ ಇರಬೇಕು. ಸಕ್ಕರೆಯ ಅಂಶ ಇರುವುದು ರುಚಿಗೂ ಅಲ್ಲ, ಬರೀ ಶಕ್ತಿಗೂ ಅಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಮಾತ್ರ ಒಳಗೆ ಬಿಡುವ ಒಂದು ಬಾಗಿಲಿದೆ. ಅವೆರಡು ಒಳಹೋದಾಗ ನೀರೂ ಅವುಗಳ ಬೆನ್ನು ಹಿಡಿದು ಹೋಗುತ್ತದೆ. ಭೇದಿ ಎಷ್ಟೇ ಜೋರಾಗಿದ್ದರೂ ಈ ಬಾಗಿಲು ಸಾಮಾನ್ಯವಾಗಿ ಕೆಲಸ ಮಾಡುತ್ತಲೇ ಇರುತ್ತದೆ. ಉಪ್ಪಿಲ್ಲದ ಬರೀ ನೀರಾಗಲಿ, ಡಬ್ಬಿಯಲ್ಲಿ ಬರುವ ಗ್ಲೂಕೋಸ್ ಪುಡಿಯ ಪಾನಕವಾಗಲಿ ಓಆರ್‌ಎಸ್‌ಗೆ ಸಮನಾಗದಿರುವುದು ಇದರಿಂದಲೇ.

ಪೊಟ್ಟಣದ ಮೇಲೆ ಎಷ್ಟು ನೀರಿಗೆ ಎಂದು ಬರೆದಿದೆಯೋ ಅಷ್ಟೇ ನೀರಿಗೆ ಇಡೀ ಪೊಟ್ಟಣವನ್ನು ಒಮ್ಮೆಗೇ ಹಾಕಿ. ಅಂಗಡಿಯಲ್ಲಿ ಒಂದು ಲೀಟರಿನ ದೊಡ್ಡ ಪೊಟ್ಟಣವೂ ಸಿಗುತ್ತದೆ, 200 ಮಿಲಿಲೀಟರಿನ ಚಿಕ್ಕದೂ ಸಿಗುತ್ತದೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಮಗುವಿಗೆ ಕುಡಿಸಿದರೆ ಅದು ಐದು ಪಟ್ಟು ಗಟ್ಟಿಯಾದ ಉಪ್ಪುನೀರು. ಭೇದಿ ಹೆಚ್ಚುವುದಷ್ಟೇ ಅಲ್ಲ, ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು. "ಸ್ವಲ್ಪ ಸ್ವಲ್ಪ ಪುಡಿಯನ್ನು ಲೋಟಕ್ಕೆ ಹಾಕಿಕೊಂಡು ಉಳಿದದ್ದನ್ನು ಮಡಚಿಡುತ್ತೇನೆ" ಎನ್ನುವವರೂ ಇದ್ದಾರೆ. ಪುಡಿಯೊಳಗಿನ ಲವಣಗಳು ಸಮನಾಗಿ ಬೆರೆತಿರುತ್ತವೆ ಎಂಬ ಖಾತರಿಯಿಲ್ಲ, ತೆರೆದ ಪೊಟ್ಟಣ ತೇವವನ್ನೂ ಹೀರಿಕೊಳ್ಳುತ್ತದೆ, ಹಾಗೆ ಮಾಡಬೇಡಿ.

ಪಾತ್ರೆಯ ವಿಷಯದಲ್ಲಿ ಅಂದಾಜನ್ನು ನಂಬಬೇಡಿ. ನಮ್ಮ ಮನೆಯಲ್ಲಿ ವರ್ಷಗಳಿಂದ "ಒಂದು ಲೀಟರ್ ಚೊಂಬು" ಎಂದೇ ಕರೆಯುತ್ತಿದ್ದ ಸ್ಟೀಲ್ ಚೊಂಬಿಗೆ ಒಮ್ಮೆ ನೀರಿನ ಬಾಟಲಿಯಿಂದ ಅಳೆದು ಸುರಿದಾಗ, ಕಂಠ ಮುಟ್ಟುವ ಹೊತ್ತಿಗೆ ಬಾಟಲಿಯಲ್ಲಿ ಇನ್ನೂ ಕಾಲು ಭಾಗ ನೀರು ಉಳಿದಿತ್ತು. ಒಂದು ಲೀಟರಿನ ಖಾಲಿ ಬಾಟಲಿಯನ್ನೇ ಅಳತೆಗೆ ಇಟ್ಟುಕೊಳ್ಳುವುದು ಲೇಸು.

ಕಲಸಿದ ಮೇಲೆ ಅದಕ್ಕೆ ಸಕ್ಕರೆ, ಹಾಲು, ಹಣ್ಣಿನ ರಸ ಸೇರಿಸಬಾರದು, ಮತ್ತೆ ಕುದಿಸಬಾರದು. ಮುಚ್ಚಿಟ್ಟು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ ಹೊಸದಾಗಿ ಮಾಡಿಕೊಳ್ಳಿ.

ಪೊಟ್ಟಣ ಸಿಗುವವರೆಗೆ ಮನೆಯಲ್ಲೇ ಮಾಡಿಕೊಳ್ಳುವುದಾದರೆ: ಒಂದು ಲೀಟರ್ ಶುದ್ಧ ನೀರು, ತಲೆಮಟ್ಟ ಮಾಡಿದ ಆರು ಚಹಾ ಚಮಚ ಸಕ್ಕರೆ, ತಲೆಮಟ್ಟ ಮಾಡಿದ ಅರ್ಧ ಚಹಾ ಚಮಚ ಪುಡಿ ಉಪ್ಪು. ಚಹಾ ಚಮಚ ಎಂದರೆ ಐದು ಮಿಲಿಲೀಟರ್ ಹಿಡಿಯುವ ಚಿಕ್ಕ ಚಮಚ, ಊಟದ ಚಮಚವಲ್ಲ. ಕಲ್ಲುಪ್ಪಿನ ಅಳತೆ ಬೇರೆಯಾಗುವುದರಿಂದ ಇಲ್ಲಿ ಅದು ಬೇಡ. ಕುಡಿಸುವ ಮುನ್ನ ನೀವೇ ಒಂದು ಗುಟುಕು ರುಚಿ ನೋಡಿ. ಕಣ್ಣೀರಿಗಿಂತ ಹೆಚ್ಚು ಉಪ್ಪೆನಿಸಿದರೆ ಚೆಲ್ಲಿಬಿಡಿ. ಇದರಲ್ಲಿ ಪೊಟ್ಯಾಸಿಯಂ ಇಲ್ಲದಿರುವುದರಿಂದ ಇದು ತಾತ್ಕಾಲಿಕ ಏರ್ಪಾಡು ಮಾತ್ರ.

ಇನ್ನೊಂದು ಎಚ್ಚರಿಕೆ. ರಟ್ಟಿನ ಪೊಟ್ಟಣದಲ್ಲಿ ಬರುವ, ಕಿತ್ತಳೆ-ಸೇಬಿನ ಪರಿಮಳದ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ತಿಳಿದು ಕೊಂಡವರು ಬಹಳ ಮಂದಿ. ಅವುಗಳಲ್ಲಿನ ಹೆಚ್ಚಿನ ಸಕ್ಕರೆ ನೀರನ್ನು ಕರುಳಿನೊಳಕ್ಕೇ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಆ ಪದವನ್ನು ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಆದರೂ ಔಷಧಿ ಅಂಗಡಿಯಲ್ಲಿ ಕೊಟ್ಟದ್ದನ್ನು ಹಾಗೆಯೇ ಚೀಲಕ್ಕೆ ಹಾಕಿಕೊಳ್ಳದೆ ಮೇಲಿನ ನಾಲ್ಕು ಅಂಕಿಗಳನ್ನು ಪೊಟ್ಟಣದ ಜೊತೆ ಹೋಲಿಸಿ ನೋಡಿ.

ಹಂತ 3: ಗುಟುಕು ಗುಟುಕಾಗಿ ಕುಡಿಸಿ

ಬಾಯಾರಿಕೆಯಿಂದ ಒಂದೇ ಉಸಿರಿಗೆ ಲೋಟ ಖಾಲಿ ಮಾಡಿದರೆ ಕೆರಳಿದ ಜಠರ ಅದನ್ನು ಹಾಗೆಯೇ ಹಿಂದಕ್ಕೆ ಕಳುಹಿಸುತ್ತದೆ. ಆಮೇಲೆ ಮನೆಯವರು "ನೀರೂ ನಿಲ್ಲುತ್ತಿಲ್ಲ" ಎಂದು ಕುಡಿಸುವುದನ್ನೇ ಬಿಡುತ್ತಾರೆ. ವಾಂತಿಯಾದ ಮೇಲೆ ಹತ್ತು ನಿಮಿಷ ಸುಮ್ಮನಿದ್ದು, ನಂತರ ಎರಡು-ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರುಮಾಡಿ. ಬೇಸರದ ಕೆಲಸವೇ, ಆದರೆ ಮಗುವಿನ ಪಕ್ಕದಲ್ಲಿ ಗಡಿಯಾರ ನೋಡುತ್ತ ಕೂತು ಚಮಚ ಹಿಡಿದವರು ಆಸ್ಪತ್ರೆಯ ದಾರಿಯನ್ನು ಎಷ್ಟೋ ಸಲ ತಪ್ಪಿಸಿಕೊಂಡಿದ್ದಾರೆ.

ಪ್ರತಿ ಬಾರಿ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿಲೀಟರ್, ಅದಕ್ಕಿಂತ ದೊಡ್ಡವರಿಗೆ ಬೇಕೆನಿಸಿದಷ್ಟು ಕೊಡಿ. ಮಗುವಿನಲ್ಲಿ ನಿರ್ಜಲೀಕರಣದ ಲಕ್ಷಣ ಆಗಲೇ ಕಂಡಿದ್ದರೆ ಆರೋಗ್ಯ ಕೇಂದ್ರದಲ್ಲಿ ಮೊದಲ ನಾಲ್ಕು ಗಂಟೆಗಳಲ್ಲಿ ತೂಕದ ಪ್ರತಿ ಕಿಲೋಗೆ 75 ಮಿಲಿಲೀಟರಿನ ಲೆಕ್ಕದಲ್ಲಿ ಕುಡಿಸುತ್ತಾರೆ. ಹತ್ತು ಕಿಲೋ ತೂಗುವ ಮಗುವಿಗೆ ಇದು ಮುಕ್ಕಾಲು ಲೀಟರ್ ಆಗುತ್ತದೆ. ಎದೆಹಾಲು ಕುಡಿಯುವ ಮಗುವಿಗೆ ಅದನ್ನು ನಿಲ್ಲಿಸಲೇಬೇಡಿ, ಇನ್ನೂ ಹೆಚ್ಚು ಬಾರಿ ಕೊಡಿ.

ಮೂತ್ರ ತಿಳಿಹಳದಿಯಾಗಿ ನಾಲ್ಕೈದು ಗಂಟೆಗೊಮ್ಮೆಯಾದರೂ ಆಗುತ್ತಿದ್ದರೆ ಸಾಕಷ್ಟು ಕುಡಿದಂತಾಯಿತು. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ್ದರೆ ಮಾತ್ರ ಬಣ್ಣವನ್ನು ನೆಚ್ಚಬೇಡಿ. ಆ ಮಾತ್ರೆಯೇ ಮೂತ್ರವನ್ನು ಗಾಢ ಹಳದಿ ಮಾಡುತ್ತದೆ.

ಮಧುಮೇಹ ಇರುವವರು "ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇದೆಯಲ್ಲ?" ಎಂದು ಹೆದರಿ ಕುಡಿಯದೇ ಉಳಿಯುವುದುಂಟು. 200 ಮಿಲಿಲೀಟರಿನ ಒಂದು ಲೋಟದಲ್ಲಿರುವುದು ಮೂರು ಗ್ರಾಂಗಿಂತ ಕಡಿಮೆ ಗ್ಲೂಕೋಸ್. ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆಗಿಂತಲೂ ಕಡಿಮೆ. ಕುಡಿಯಬಹುದು, ಸಕ್ಕರೆ ಮಟ್ಟವನ್ನು ಮಾತ್ರ ಆಗಾಗ ನೋಡಿಕೊಳ್ಳಿ. ಇನ್ಸುಲಿನ್ ಅನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ; ಮೆಟ್‌ಫಾರ್ಮಿನ್ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ಈ ದಿನಗಳಲ್ಲಿ ಮುಂದುವರಿಸಬೇಕೇ ಎಂದು ನಿಮ್ಮ ವೈದ್ಯರಿಗೆ ಫೋನ್ ಮಾಡಿ ಕೇಳಿ.

ಎಳನೀರು, ನೀರು ಮಜ್ಜಿಗೆ, ಗಂಜಿಯ ತಿಳಿ ಇವೆಲ್ಲ ಓಆರ್‌ಎಸ್ ಜೊತೆಗೆ ಒಳ್ಳೆಯವೇ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಭೇದಿಯಲ್ಲಿ ಮುಖ್ಯವಾಗಿ ಕಳೆದುಹೋಗುವ ಸೋಡಿಯಂ ಕಡಿಮೆ. ಆದ್ದರಿಂದ ಅದನ್ನೇ ನೆಚ್ಚಿ ಕೂರಬೇಡಿ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಎಳನೀರು ಕುಡಿಯಬಾರದು.

"ಇದೆಲ್ಲ ಯಾಕೆ, ಹೋಗಿ ಒಂದು ಗ್ಲೂಕೋಸ್ ಬಾಟಲಿ ಹಾಕಿಸಿದರಾಯಿತು" ಎಂದು ಹೇಳುವ ಹಿರಿಯರೊಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರಿಗೆ 1971ರ ಸಂಗತಿಯನ್ನು ಹೇಳಬಹುದು. ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಎದ್ದು ಸಲೈನ್ ಬಾಟಲಿಗಳು ಸಾಲದೇ ಹೋದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು ರೋಗಿಗಳ ಸಂಬಂಧಿಕರ ಕೈಯಿಂದಲೇ ಕುಡಿಸಿದರು. ಶೇ. 30ರ ಸುಮಾರಿಗಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಬಾಯಿಯಿಂದ ಕುಡಿಯಲು ಆಗುತ್ತಿರುವವರಿಗೆ ಸಾಮಾನ್ಯವಾಗಿ ಸೂಜಿಯ ಅಗತ್ಯವಿಲ್ಲ. ಕುಡಿದದ್ದು ನಿಲ್ಲದವರಿಗೂ ಪ್ರಜ್ಞೆ ಮಂಕಾದವರಿಗೂ ಅದು ಬೇಕೇ ಬೇಕು.

ಹಂತ 4: ಮಾತ್ರೆಗಳ ವಿಷಯದಲ್ಲಿ ಕೈ ತಡೆಯಿರಿ

ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆ ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ, ಅಷ್ಟೇ. ಮಕ್ಕಳಿಗೆ ಕೊಡಲೇಬಾರದು, ದೊಡ್ಡವರೂ ಜ್ವರ ಅಥವಾ ಮಲದಲ್ಲಿ ರಕ್ತ ಇದ್ದಾಗ ತೆಗೆದುಕೊಳ್ಳಬಾರದು. ತಪ್ಪಿಸಲಾಗದ ಬಸ್ ಪ್ರಯಾಣವಿರುವ ಆರೋಗ್ಯವಂತ ವಯಸ್ಕರಿಗೆ ಒಂದು ಹೊತ್ತಿನ ಮಟ್ಟಿಗೆ ಅದು ನೆರವಾದೀತು.

ನಾರ್‌ಫ್ಲಾಕ್ಸಾಸಿನ್, ಮೆಟ್ರೊನಿಡಜೋಲ್‌ನಂತಹ ಮಾತ್ರೆಗಳನ್ನು ಅಂಗಡಿಯವರು "ಲೂಸ್ ಮೋಷನ್‌ಗೆ" ಎಂದು ಎರಡೆರಡು ಕತ್ತರಿಸಿ ಕೊಡುವ ರೂಢಿಯಿದೆ. ವೈರಾಣುವಿನ ಮೇಲೆ ಇವು ಕೆಲಸ ಮಾಡುವುದಿಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಮಾತ್ರ ಹಾಳುಗೆಡವುತ್ತವೆ. ಅವು ಬೇಕಾಗುವ ಕಾಯಿಲೆಗಳಿವೆ, ಆದರೆ ಅದನ್ನು ನಿರ್ಧರಿಸುವುದು ವೈದ್ಯರ ಕೆಲಸ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ಜಠರವನ್ನು ಕೆರಳಿಸುತ್ತವೆ ಮತ್ತು ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು.

ಮಕ್ಕಳಿಗೆ ನಿಜವಾಗಿ ಬೇಕಾದ ಮಾತ್ರೆ ಜಿಂಕ್, ಅಂದರೆ ಸತುವಿನ ಲವಣ. ಆರು ತಿಂಗಳಿಂದ ಐದು ವರ್ಷದವರಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಶಿಶುವಿಗೆ 10 ಮಿಲಿಗ್ರಾಂ, ಒಟ್ಟು 14 ದಿನ. ಒಂದು ಚಮಚ ಎದೆಹಾಲಿನಲ್ಲಿ ಅಥವಾ ನೀರಿನಲ್ಲಿ ಕರಗಿಸಿ ಕೊಡಿ. ಮೂರನೇ ದಿನ ಭೇದಿ ನಿಂತಿತೆಂದು ಪಟ್ಟಿಯನ್ನು ಕಪಾಟಿಗೆ ಸೇರಿಸುವುದೇ ಇಲ್ಲಿನ ಸಾಮಾನ್ಯ ತಪ್ಪು. ಮಕ್ಕಳಿಗೆ ಓಆರ್‌ಎಸ್ ಮತ್ತು ಜಿಂಕ್ ಎರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಆಶಾ ಕಾರ್ಯಕರ್ತೆಯರನ್ನೂ ಕೇಳಬಹುದು.

ದಾಳಿಂಬೆ ಸಿಪ್ಪೆಯ ಕಷಾಯ, ನಿಂಬೆರಸ ಹಿಂಡಿದ ಡಿಕಾಕ್ಷನ್, ಮೊಸರಿನ ಜೊತೆ ಮೆಂತ್ಯ ಮುಂತಾದ ಮನೆಮದ್ದುಗಳ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ದೊಡ್ಡವರು ಒಮ್ಮೆ ಕುಡಿದು ನೋಡುವುದಕ್ಕೆ ನನ್ನ ತಕರಾರಿಲ್ಲ, ಆದರೆ ಅದನ್ನು ನೆಚ್ಚಿ ಓಆರ್‌ಎಸ್ ತಡಮಾಡಬೇಡಿ, ಮಕ್ಕಳ ಮೇಲೆ ಪ್ರಯೋಗಿಸಬೇಡಿ.

ಹಂತ 5: ಹಸಿವಾದ ಕೂಡಲೇ ಊಟ ಶುರುಮಾಡಿ

"ಲಂಘನಂ ಪರಮೌಷಧಂ" ಎಂಬ ಮಾತನ್ನು ಭೇದಿಗೆ ಅನ್ವಯಿಸುವವರು ಬಹಳ. ಆರೋಗ್ಯವಂತ ವಯಸ್ಕರು ವಾಂತಿಯ ಹೊತ್ತಿನಲ್ಲಿ ಒಂದು ಊಟ ಬಿಟ್ಟರೆ ನಷ್ಟವಿಲ್ಲ. ಮಕ್ಕಳನ್ನು ಮಾತ್ರ ಉಪವಾಸ ಕೆಡವಬಾರದು. ಕರುಳಿನ ಒಳಪದರ ಮತ್ತೆ ಬೆಳೆಯುವುದಕ್ಕೆ ಆಹಾರವೇ ಬೇಕು. ವಾಂತಿ ತಹಬಂದಿಗೆ ಬಂದು ಒಂದಷ್ಟು ಹೊತ್ತು ಓಆರ್‌ಎಸ್ ನಿಂತರೆ ಗಂಜಿ ಕೊಡಬಹುದು.

ಕಾಲು ಲೋಟ ಅಕ್ಕಿಯನ್ನು ತರಿಯಾಗಿ ಒಡೆದು, ಎರಡು ಲೋಟ ನೀರು ಹಾಕಿ, ಕುಕ್ಕರಿನಲ್ಲಿ ನಾಲ್ಕೈದು ವಿಷಲ್ ಬರುವವರೆಗೆ ಬೇಯಿಸಿ, ಸೌಟಿನ ಹಿಂಬದಿಯಿಂದ ಮಸೆದು, ಹದವಾಗಿ ಉಪ್ಪು ಹಾಕಿ. ಮೊದಲ ಹೊತ್ತಿಗೆ ಮೇಲಿನ ತಿಳಿ, ಎರಡನೇ ಹೊತ್ತಿಗೆ ಅನ್ನದ ಸಮೇತ, ಮೂರನೇ ಹೊತ್ತಿಗೆ ಅದಕ್ಕೆ ಕಡೆದ ಮಜ್ಜಿಗೆ. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಮೆತ್ತಗೆ ಬೇಯಲು ಇನ್ನಷ್ಟು ಹೊತ್ತು ಬೇಕು, ಅಷ್ಟೇ. ಆಮೇಲೆ ಇಡ್ಲಿ, ಮೆತ್ತನೆಯ ಅನ್ನಕ್ಕೆ ಹೆಸರುಬೇಳೆಯ ತೊವ್ವೆ, ಏಲಕ್ಕಿ ಬಾಳೆಹಣ್ಣು, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ಒಂದು ಸಲಕ್ಕೆ ಸ್ವಲ್ಪ, ದಿನಕ್ಕೆ ಐದಾರು ಸಲ.

ಖಾರದ ಸಾರು, ಕರಿದ ತಿಂಡಿ, ಅವರೆ-ಹುರುಳಿಯಂತಹ ಕಾಳು ಮತ್ತು ಕಾಫಿಯನ್ನು ಕೆಲವು ದಿನ ದೂರವಿಡಿ. ಹಾಲಿನ ವಿಷಯ ಸ್ವಲ್ಪ ಬೇರೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಕರುಳಿನ ಒಳಪದರದಲ್ಲಿರುತ್ತದೆ; ಆ ಪದರವೇ ಸವೆದಾಗ ಕಾಯಿಲೆ ವಾಸಿಯಾದ ಮೇಲೂ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಮತ್ತೆ ಭೇದಿಯಾಗಬಹುದು. ಇದು ತಾತ್ಕಾಲಿಕ. ದೊಡ್ಡವರು ಒಂದು ವಾರ ಹಾಲಿನ ಬದಲು ಮೊಸರು, ಮಜ್ಜಿಗೆ ತೆಗೆದುಕೊಂಡರೆ ಸಾಕು.

ಹಂತ 6: ಮನೆಯ ಉಳಿದವರನ್ನು ಕಾಪಾಡಿ

ಶೌಚಕ್ಕೆ ಹೋಗಿ ಬಂದ ಮೇಲೆ ಮತ್ತು ಮಗುವಿನ ಮಲ ತೊಳೆದ ಮೇಲೆ ಸಾಬೂನಿನಿಂದಲೇ ಕೈ ತೊಳೆಯಿರಿ. ಸ್ಯಾನಿಟೈಸರ್ ನೊರೊವೈರಸ್‌ನಂತಹ ವೈರಾಣುಗಳ ಮುಂದೆ ಅಷ್ಟಾಗಿ ನಡೆಯುವುದಿಲ್ಲ. ಹೊಟ್ಟೆ ಕೆಟ್ಟವರು ಪೂರ್ತಿ ವಾಸಿಯಾಗಿ 48 ಗಂಟೆ ಕಳೆಯುವವರೆಗೆ ಅಡುಗೆ ಮಾಡದಿರುವುದು ಒಳ್ಳೆಯದು. ಮನೆಗೆಲ್ಲ ಅಡುಗೆ ಮಾಡುವ ತಾಯಿಗೇ ಭೇದಿಯಾದಾಗ ಈ ಸಲಹೆ ಪಾಲನೆಯಾಗುವುದು ಅಪರೂಪ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಕುಡಿಯುವ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಯಲಿ.

ಕಾಯಿಲೆ ಎಲ್ಲಿಂದ ಬಂತು ಎಂದು ಹುಡುಕುವಾಗ ನಿನ್ನೆಯ ಅನ್ನವನ್ನು ಮರೆಯಬೇಡಿ. ರಾತ್ರಿ ಉಳಿದ ಅನ್ನ ಬೆಚ್ಚಗಿನ ಅಡುಗೆಮನೆಯಲ್ಲಿ ಬೆಳಗಿನವರೆಗೆ ಹಾಗೆಯೇ ಕುಳಿತರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದು ವಿಷವನ್ನು ಬಿಡುತ್ತದೆ. ವಾಂತಿ ಬರಿಸುವ ಆ ವಿಷ ಒಗ್ಗರಣೆಯ ಬಿಸಿಗೆ ನಾಶವಾಗುವುದಿಲ್ಲ. ಚಿತ್ರಾನ್ನ ತಿಂದು ಒಂದರಿಂದ ಆರು ಗಂಟೆಯೊಳಗೆ ಮನೆಯ ಎಲ್ಲರೂ ಒಟ್ಟಿಗೆ ವಾಂತಿ ಮಾಡಿಕೊಂಡರೆ ಅನುಮಾನ ಮೊದಲು ಅಲ್ಲಿಗೇ ಹೋಗಲಿ. ಚಿತ್ರಾನ್ನಕ್ಕೆಂದು ಅನ್ನ ಉಳಿಸುವುದಾದರೆ ಅಗಲವಾದ ತಟ್ಟೆಗೆ ಹರಡಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ.

ಹಂತ 7: ಮುಂದಿನ ಎರಡು ವಾರ

ವಯಸ್ಕರಿಗೆ ಎರಡು ದಿನವಾದರೂ, ಮಕ್ಕಳಿಗೆ ಒಂದು ದಿನವಾದರೂ ಇಳಿಮುಖ ಕಾಣದಿದ್ದರೆ ವೈದ್ಯರನ್ನು ನೋಡಿ. ಭೇದಿ ನಿಂತ ಮೇಲೂ ಒಂದೆರಡು ವಾರ ಹೊಟ್ಟೆ ಗುಡುಗುಟ್ಟುವುದು, ಊಟವಾದ ತಕ್ಷಣ ಶೌಚಕ್ಕೆ ಹೋಗಬೇಕೆನಿಸುವುದು ಸಹಜ. ಅದಕ್ಕೆ ಮತ್ತೆ ಮಾತ್ರೆ ಹುಡುಕಬೇಡಿ. ಆದರೆ 14 ದಿನ ಮೀರಿದರೆ, ತೂಕ ಇಳಿಯುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂತೆ ಭೇದಿಯಾಗುತ್ತಿದ್ದರೆ ಮಲ ಪರೀಕ್ಷೆ ಮಾಡಿಸಿ. ಜಿಯಾರ್ಡಿಯಾದಂತಹ ಪರಾವಲಂಬಿಗಳು ಹೀಗೆ ಕಾಡುತ್ತವೆ. ಮನೆಯಲ್ಲಿ ಹಸುಗೂಸಿದ್ದರೆ ಆರು, ಹತ್ತು ಮತ್ತು 14ನೇ ವಾರಗಳಲ್ಲಿ ಉಚಿತವಾಗಿ ಕೊಡುವ ರೋಟಾವೈರಸ್ ಲಸಿಕೆ ಆಗಿದೆಯೇ ಎಂದು ತಾಯಿ ಕಾರ್ಡ್ ತೆರೆದು ನೋಡಿ.

ಖರ್ಚಾದ ಓಆರ್‌ಎಸ್ ಪೊಟ್ಟಣಗಳ ಜಾಗಕ್ಕೆ ಹೊಸ ನಾಲ್ಕನ್ನು ತಂದಿಟ್ಟುಕೊಳ್ಳಿ. ಒಳಗಿನ ಪುಡಿ ಗಟ್ಟಿಯಾಗಿ ಹೆಂಟೆ ಕಟ್ಟಿದ್ದರೆ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ, ಮೇಲಿನ ದಿನಾಂಕ ಏನೇ ಇರಲಿ, ಎಸೆದುಬಿಡಿ.